ಮೇಲಿನಮ್ಮನ ಕುರ್ಚಿ

ನಮ್ಮ ಅತ್ತೆಯನ್ನು ಕಾರ್ಖಾನೆಯಲ್ಲಿ ಎಲ್ಲರೂ ಮೇಲಿನಮ್ಮ ಎಂದು ಕರೆಯುತ್ತಿದ್ದರು. ಅದನ್ನು ಗೌರವದ ಹೆಸರು ಎಂದು ಯಾರಾದರೂ ತಿಳಿದುಕೊಂಡರೆ ನನ್ನ ತಕರಾರಿಲ್ಲ, ಆದರೆ ಅವರು ಕೂರುತ್ತಿದ್ದದ್ದೇ ಮೇಲೆ. ಸೇತುವೆಗಳಿಗೆ ಕಬ್ಬಿಣದ ತೊಲೆ ಮಾಡುವ ದೊಡ್ಡ ಶೆಡ್ಡು ಅದು. ಸೂರಿನ ಕೆಳಗೇ ಎರಡು ಹಳಿಗಳ ಮೇಲೆ ಆಚೀಚೆ ಓಡಾಡುವ ಕ್ರೇನು, ಅದಕ್ಕೆ ಜೋತುಬಿದ್ದ ಗಾಜಿನ ಪುಟ್ಟ ಕ್ಯಾಬಿನ್ನು. ಅದರೊಳಗೆ ಒಂದು ಕುರ್ಚಿ, ಎರಡು ಹಿಡಿಕೆ, ಒಂದು ಗಂಟೆ, ಮತ್ತು ನಮ್ಮ ಅತ್ತೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ಅಲ್ಲಿ ಕೂತಿದ್ದರು. "ಹೆಂಗಸರನ್ನ ತಲೆ ಮೇಲೆ ಕೂರಿಸ್ಕೋಬಾರದು ಅಂತಾರೆ, ಇವರು ನೋಡಿ, ನಿಜವಾಗ್ಲೂ ಕೂರಿಸ್ಕೊಂಡಿದಾರೆ" ಎಂದು ನನ್ನ ಅಮ್ಮ ಮನೆಗೆ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳು.

ಅತ್ತೆ ಅಲ್ಲಿಗೆ ಹತ್ತಿದ್ದೇ ಒಂದು ತಮಾಷೆ. ಮೊದಲು ಅವರು ಕಾರ್ಖಾನೆಯ ಉಗ್ರಾಣದಲ್ಲಿ ನಟ್ಟು ಬೋಲ್ಟು ಕೊಡುವ ಕೆಲಸದಲ್ಲಿದ್ದರು. ಆಗ ಹೊರಗಿನಿಂದ ಯಾರೋ ದೊಡ್ಡವರು ಬರುವುದಿತ್ತು. ಅವರ ಕೈಗೆ ಕೊಡುವ ಪುಸ್ತಿಕೆಯಲ್ಲಿ ಹೆಂಗಸೊಬ್ಬಳು ಕ್ರೇನು ನಡೆಸುತ್ತಿರುವ ಫೋಟೋ ಇದ್ದರೆ ಚೆನ್ನ ಎಂದು ಆಫೀಸಿನವರಿಗೆ ಅನ್ನಿಸಿತು. ಕ್ರೇನು ನಡೆಸುವ ಹೆಂಗಸು ಇರಲಿಲ್ಲ, ಆದರೆ ಹೆಂಗಸರಿದ್ದರು. ಎತ್ತರಕ್ಕೆ ಹೆದರದವರು ಯಾರು ಎಂದು ಕೇಳಿದಾಗ ಅತ್ತೆ ಕೈ ಎತ್ತಿದರು. ಹೊಸ ಹೆಲ್ಮೆಟ್ಟು ಹಾಕಿಸಿ, ಏಣಿ ಹತ್ತಿಸಿ, ಹಿಡಿಕೆಯ ಮೇಲೆ ಕೈ ಇಡಿಸಿ, ಸ್ವಲ್ಪ ನಗಮ್ಮಾ ಎಂದರು. ಫೋಟೋದವನು ಇಳಿದು ಹೋದ. ಅತ್ತೆ ಇಳಿಯಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮುದುಕ ಚಾಲಕನನ್ನು, ಇದು ಹೇಗೆ ಓಡುತ್ತೆ ಅಜ್ಜ ಎಂದು ಕೇಳಿದರು. ಅಷ್ಟು ವರ್ಷಗಳಲ್ಲಿ ಯಾರೂ ಅವನನ್ನು ಹಾಗೆ ಕೇಳಿರಲಿಲ್ಲವೇನೋ, ಖುಷಿಯಿಂದ ತೋರಿಸಿಕೊಟ್ಟ. ಮಾರನೆಯ ದಿನವೂ ಅತ್ತೆ ಊಟದ ಹೊತ್ತಿನಲ್ಲಿ ಹತ್ತಿದರು, ಅದರ ಮಾರನೆಯ ದಿನವೂ. ವರ್ಷ ತಿರುಗುವುದರೊಳಗೆ ಪರೀಕ್ಷೆಗೆ ಕೂತು ಪಾಸಾದರು. ಫೋಟೋಗೆಂದು ಕೂರಿಸಿದವಳು ಏಳುವುದೇ ಇಲ್ಲವಲ್ಲ ಎಂದು ಆಫೀಸಿನವರು ತಲೆ ಕೆರೆದುಕೊಂಡರಂತೆ. ಪುಸ್ತಿಕೆ ಅಷ್ಟರಲ್ಲಿ ಊರೆಲ್ಲ ಹಂಚಿ ಆಗಿತ್ತು. ಅದರಲ್ಲಿರುವುದು ಸುಳ್ಳು ಎಂದು ಅವರೇ ಹೇಳುವುದು ಹೇಗೆ? ಹಾಗಾಗಿ ಅಜ್ಜ ನಿವೃತ್ತನಾದಾಗ ಕುರ್ಚಿ ಅತ್ತೆಗೆ ಬಂತು.

ಆ ಕೆಲಸದ ರೀತಿಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಶೆಡ್ಡಿನ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ಕೆಳಗೆ ಸರಪಳಿ ಬಿಗಿಯುವ ಖಲಾಸಿ ಕೈಸನ್ನೆ ಮಾಡುತ್ತಾನೆ, ಮೇಲಿನವರು ಅದರಂತೆ ನಡೆಸುತ್ತಾರೆ. ಎತ್ತು, ಇಳಿಸು, ಸರಿಸು ಎನ್ನುವ ಅಧಿಕಾರ ಆ ಒಬ್ಬನಿಗೆ ಮಾತ್ರ. ಆದರೆ ಎರಡೂ ಕೈ ಅಗಲಿಸಿ ಚಾಚಿ ನಿಲ್ಲಿಸು ಎನ್ನುವ ಅಧಿಕಾರ ಎಲ್ಲರಿಗೂ ಇದೆ, ಕಸ ಗುಡಿಸುವವರಿಗೂ ಇದೆ. ಆ ಸನ್ನೆ ಕಂಡರೆ ಯಾರು, ಯಾಕೆ ಎಂದು ಯೋಚಿಸದೆ ನಿಲ್ಲಿಸಬೇಕು. ಯಾಕೆಂದು ಆಮೇಲೆ ಕೇಳಬಹುದು.

ಅತ್ತೆಯ ಕೈ ಎಂಥದ್ದು ಎಂದರೆ, ಲಾರಿಯಷ್ಟು ಉದ್ದದ ತೊಲೆಯನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎತ್ತಿ ಇನ್ನೊಂದು ತುದಿಯಲ್ಲಿ ಮಲಗಿಸುತ್ತಿದ್ದರು. ನಮ್ಮ ಹೊಳೆಯ ಸೇತುವೆಯ ಒಂದೊಂದು ತೊಲೆಯೂ ಅವರ ಕೈಯಿಂದಲೇ ಎದ್ದು ಲಾರಿ ಹತ್ತಿದ್ದು. ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ದಿನಾ ಆ ಸೇತುವೆ ದಾಟಿ ಹೋಗುತ್ತೇನೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆ, ಇದನ್ನು ನಮ್ಮ ಅತ್ತೆ ಎತ್ತಿದ್ದು ಎಂದು ಒಂದೆರಡು ಸಲ ಹೇಳಿದ್ದೇನೆ. ಅವರು ನನ್ನ ಮುಖ ನೋಡಿ ಆಚೆ ಸರಿದು ಕೂತಿದ್ದಾರೆ.

ಆದರೆ ಆ ಕುರ್ಚಿಯಷ್ಟು ಒಂಟಿಯಾದ ಜಾಗ ಇನ್ನೊಂದಿಲ್ಲ. ಏಣಿ ಇಳಿದು, ಅಂಗಳ ದಾಟಿ, ಆಫೀಸಿನ ಕಟ್ಟಡದಲ್ಲಿರುವ ಹೆಂಗಸರ ಶೌಚಾಲಯಕ್ಕೆ ಹೋಗಿ ಬರುವಷ್ಟರಲ್ಲಿ ಊಟದ ಬಿಡುವು ಮುಗಿಯುತ್ತಿತ್ತು. ಶೆಡ್ಡಿನ ಪಕ್ಕದಲ್ಲೇ ಗಂಡಸರದ್ದಿತ್ತು. ಅದಕ್ಕೇ ಅತ್ತೆ ಬೆಳಿಗ್ಗೆಯಿಂದ ನೀರು ಕುಡಿಯುತ್ತಿರಲಿಲ್ಲ. ಸಂಜೆ ಮನೆಗೆ ಬಂದು ನಿಂತಲ್ಲೇ ಒಂದು ತಂಬಿಗೆ ಗಟಗಟ ಕುಡಿದ ಮೇಲೆಯೇ ಚಪ್ಪಲಿ ಬಿಡುತ್ತಿದ್ದರು. ಊಟವೂ ಮೇಲೆಯೇ, ಒಬ್ಬರೇ. ಮೊದಮೊದಲು ಉಗ್ರಾಣದ ಹೆಂಗಸರು ತಮ್ಮ ಬೆಂಚಿನಲ್ಲಿ ಅವರಿಗೊಂದು ಜಾಗ ಇಡುತ್ತಿದ್ದರು. ಬಾರದವರಿಗೆ ಎಷ್ಟು ದಿನ ಅಂತ ಜಾಗ ಇಟ್ಟಾರು? ಗಂಡಸರ ಗುಂಪಂತೂ ಗಂಡಸರ ಗುಂಪು. ಎಂಟು ಗಂಟೆಗಳ ಕೆಲಸದಲ್ಲಿ ಅವರಿಗೆ ಕಾಣುತ್ತಿದ್ದದ್ದು ಹೆಲ್ಮೆಟ್ಟುಗಳ ನೆತ್ತಿ ಮತ್ತು ಕೈಗಳು. ಯಾರ ಹೆಲ್ಮೆಟ್ಟಿನಲ್ಲಿ ಎಲ್ಲಿ ಸೀಳು ಬಿಟ್ಟಿದೆ ಎಂದು ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಪೇಟೆಯಲ್ಲಿ ಯಾರಾದರೂ ನಮಸ್ಕಾರ ಎಂದರೆ ಅತ್ತೆ ಪೆಚ್ಚಾಗಿ ನಿಂತುಬಿಡುತ್ತಿದ್ದರು.

ಮದುವೆಯ ಮಾತು ಬಂದಿರಲಿಲ್ಲ ಎಂದಲ್ಲ. ಬಂದವರೆಲ್ಲ, ಮದುವೆಯಾದ ಮೇಲೆ ಇಳೀತಾರೆ ತಾನೆ ಎಂದು ಕೇಳುತ್ತಿದ್ದರು. ಅತ್ತೆಯ ತಮ್ಮ, ಅಂದರೆ ನನ್ನ ಅಪ್ಪ, ಸಂಜೆ ದಿನಾ ಇಳೀತಾಳೆ ಎಂದು ಹೇಳಿ ಅವರನ್ನು ಕಳಿಸುತ್ತಿದ್ದ. ಅತ್ತೆಗೆ ಅದರ ಬಗ್ಗೆ ಏನನ್ನಿಸುತ್ತಿತ್ತೋ ನಮಗೆ ತಿಳಿಯಲಿಲ್ಲ. ಸಂಜೆ ಅವರು ಅಂಗಳದ ಕಟ್ಟೆಯ ಮೇಲೆ ಕೂತು ರಸ್ತೆಯಲ್ಲಿ ಹೋಗುವವರ ಮುಖಗಳನ್ನು ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡುತ್ತಿದ್ದರು.

ಅವರಿಂದ ಕೆಲಸ ಕಲಿತ ಗಂಡಸರು ಸಾಲಾಗಿ ಫೋರ್ಮನ್ನುಗಳಾದರು. ಅತ್ತೆ ಮಾತ್ರ ಇದ್ದಲ್ಲೇ ಇದ್ದರು. ಹೆಂಗಸಿನ ಮಾತನ್ನು ಖಲಾಸಿಗಳು ಕೇಳುವುದಿಲ್ಲ ಎಂಬ ಕಾರಣ ಕೊಟ್ಟರಂತೆ. ಆ ಖಲಾಸಿಗಳನ್ನು ಒಮ್ಮೆಯಾದರೂ ಕೇಳಿ ನೋಡಿದ್ದರೋ ಇಲ್ಲವೋ, ದೇವರಿಗೇ ಗೊತ್ತು.

ವರ್ಷಕ್ಕೊಂದು ದಿನ ಮಾತ್ರ ಅತ್ತೆಯನ್ನು ಹೊಗಳಿ ಅಟ್ಟಕ್ಕೇರಿಸುತ್ತಿದ್ದರು. ಮಹಿಳಾ ದಿನದಂದು ಸಭೆ, ಹೂಗುಚ್ಛ, ಮೈಕು. ನಮ್ಮ ಹೆಮ್ಮೆಯ ಮೊದಲ ಮಹಿಳೆ ಎಂಬ ಭಾಷಣ. ಉಡುಗೊರೆಗೆ ಪ್ರತಿವರ್ಷವೂ ಗೋಡೆ ಗಡಿಯಾರ. ಬಚ್ಚಲುಮನೆಯೊಂದನ್ನು ಬಿಟ್ಟು ಎಲ್ಲ ಕಡೆ ಗಡಿಯಾರ ನೇತುಹಾಕಿ ಆಗಿತ್ತು, ಒಂದಕ್ಕೊಂದು ಹೊಂದುತ್ತಿರಲಿಲ್ಲ. "ಅತ್ತಿಗೆ, ಮುಂದಿನ ಸಲ ಬಕೆಟ್ಟಾದ್ರೂ ಕೊಡೋಕೆ ಹೇಳಿ" ಎಂದು ಅಮ್ಮ ಗೋಗರೆಯುತ್ತಿದ್ದಳು. ಕೊನೆಯಲ್ಲಿ ಮ್ಯಾನೇಜರ್ ನಿಮಗೇನು ಬೇಕು ಎಂದು ಕೇಳುವುದು ವಾಡಿಕೆ. ಇನ್ನೊಬ್ಬ ಹೆಂಗಸಿಗೆ ಕಲಿಸಲು ಬಿಡಿ ಎಂದು ಅತ್ತೆ ಹೇಳುವುದೂ ವಾಡಿಕೆ. ನೀವಿದ್ದೀರಲ್ಲ ಎಂದು ಮ್ಯಾನೇಜರ್ ನಗುವುದೂ ವಾಡಿಕೆ. ಮೊದಲನೆಯವಳು ಎಂದು ಹೊಗಳಿಸಿಕೊಂಡೇ ಅತ್ತೆ ಇಪ್ಪತ್ತು ವರ್ಷ ಒಬ್ಬಳೇ ಆಗಿ ಉಳಿದರು. ನನಗೆ ಆ ಭಾಷಣಗಳ ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಒಂದು ವರ್ಷ ಹೊಸ ಮ್ಯಾನೇಜರ್ ಬಂದ. ವಾಡಿಕೆ ತಿಳಿಯದ ಅವನು ಮೈಕಿನ ಮುಂದೆ ಹ್ಞೂಂ ಅಂದುಬಿಟ್ಟ. ಉಗ್ರಾಣದ ಹೆಂಗಸರು ಚಪ್ಪಾಳೆ ನಿಲ್ಲಿಸಲಿಲ್ಲ. ಪಾಪ, ಸಿಕ್ಕಿಬಿದ್ದ.

ಹಾಗೆ ಬಂದವಳು ಗುಬ್ಬಿ. ಮುಗಿದ ತೊಲೆಗಳಿಗೆ ಬಣ್ಣ ಬಳಿಯುವ ವಿಭಾಗದಲ್ಲಿದ್ದಳು. ಪುಟ್ಟ ಆಳು, ಅದಕ್ಕೇ ಆ ಹೆಸರು. ಆದರೆ ಬಾಯಿ ಮಾತ್ರ ಕಾಗೆಯದು. ಏಣಿಯ ಬುಡದಿಂದ ಮಾತಾಡಲು ಶುರುಮಾಡಿದರೆ ಕ್ಯಾಬಿನ್ನು ಮುಟ್ಟುವಷ್ಟರಲ್ಲಿ ಅವಳ ಓಣಿಯವರ ಸಮಾಚಾರವೆಲ್ಲ ಮುಗಿದಿರುತ್ತಿತ್ತಂತೆ. ಊಟದ ಬಿಡುವಿನಲ್ಲಿ ಪಾಠ. ಮೊದಲು ಖಾಲಿ ಕೊಕ್ಕೆ ಆಡಿಸುವುದು, ಆಮೇಲೆ ಸಣ್ಣ ಭಾರ, ಆಮೇಲೆ ತೂಗಾಡುವ ಭಾರವನ್ನು ಅದು ತೂಗುವ ದಿಕ್ಕಿಗೇ ಸ್ವಲ್ಪ ಓಡಿ ಸುಮ್ಮನಾಗಿಸುವುದು. ನಡುವೆ ಇಬ್ಬರ ಡಬ್ಬಿಯೂ ತೆರೆಯುತ್ತಿತ್ತು. ಇರುವುದೊಂದೇ ಕುರ್ಚಿ, ಒಬ್ಬರು ಕೂತು ಒಬ್ಬರು ನಿಂತು ಉಣ್ಣುತ್ತಿದ್ದರು.

ಆ ತಿಂಗಳುಗಳಲ್ಲಿ ನಮ್ಮ ಮನೆಯಲ್ಲಿ ಬೇರೆ ಅತ್ತೆಯೇ ಇದ್ದರು. ಸಂಜೆ ಬಂದು ನೀರು ಕುಡಿಯುವುದನ್ನೂ ಮರೆತು ಗುಬ್ಬಿ ಹೀಗಂದಳು, ಗುಬ್ಬಿ ಹಾಗಂದಳು ಎಂದು ಹೇಳುತ್ತಿದ್ದರು. ಡಬ್ಬಿಗೆ ಒಂದು ತುತ್ತು ಜಾಸ್ತಿ ಹಾಕು ಎಂದು ಅಮ್ಮನಿಗೆ ತಾಕೀತು ಮಾಡುತ್ತಿದ್ದರು. ಒಮ್ಮೆ ಅವರು ಜೋರಾಗಿ ನಕ್ಕಾಗ ಅಪ್ಪ ಒಳಗಿನಿಂದ ಎದ್ದು ಬಂದು, ಯಾರು ಬಂದಿದ್ದಾರೆ ಎಂದು ಕೇಳಿದ. ಮೂರು ಪಾಳಿ, ಮೂವರು ಚಾಲಕರು, ಅವರಲ್ಲಿ ಒಬ್ಬ ಸದ್ಯದಲ್ಲೇ ನಿವೃತ್ತ. ಆ ಜಾಗಕ್ಕೆ ಗುಬ್ಬಿ ಬಂದರೆ ಪಾಳಿ ಬದಲಾಗುವ ಹೊತ್ತಿನಲ್ಲಿ ದಿನಾ ಅವಳು ಸಿಗುತ್ತಾಳೆ, ಏಣಿಯ ಬುಡದಲ್ಲಿ ನಿಂತು ಸ್ವಲ್ಪ ಮಾತಾಡಬಹುದು. ಅತ್ತೆಗೆ ಬೇಕಾಗಿದ್ದದ್ದು ಅಷ್ಟೇ. ನೋಡಿ, ಅಷ್ಟಕ್ಕೇ ಎಷ್ಟು ವರ್ಷ ಕಾದರು.

ಪರೀಕ್ಷೆಯ ದಿನ ಹೊರಗಿನಿಂದ ಪರೀಕ್ಷಕರೊಬ್ಬರು ಬಂದರು. ಗುಬ್ಬಿ ಮೇಲೆ ಒಬ್ಬಳೇ ಇರಬೇಕು, ಕಲಿಸಿದವರು ಕೆಳಗೆ. ಒಂದು ಉದ್ದ ತೊಲೆಯನ್ನು ಎತ್ತಿ, ಕಂಬ ಮತ್ತು ಗೋಡೆಯ ನಡುವಿನಿಂದ ದಾಟಿಸಿ, ಆಚೆ ತುದಿಯ ಮರದ ದಿಮ್ಮಿಗಳ ಮೇಲೆ ಇಳಿಸಬೇಕು. ಸನ್ನೆ ಮಾಡಲು ನಿಂತವನು ಫೋರ್ಮನ್. ಅವನೂ ಅತ್ತೆಯ ಬಳಿಯೇ ಕಲಿತವನು. ಹತ್ತಿದ ಏಣಿಯನ್ನು ಒದೆಯುವ ಜಾತಿಯವನೇ ಆದರೂ ಆ ದಿನ ಸರಿಯಾಗಿಯೇ ಸನ್ನೆ ಮಾಡಿದ. ಗುಬ್ಬಿ ಎತ್ತಿದಳು. ತೊಲೆ ಅಲುಗದೆ ಎದ್ದಿತು. ಉಗ್ರಾಣದ ಹೆಂಗಸರೂ ಬಣ್ಣದವರೂ ಬಾಗಿಲಲ್ಲಿ ನಿಂತು ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ಅತ್ತೆ ಆ ಶೆಡ್ಡನ್ನು ಅಷ್ಟು ವರ್ಷ ಮೇಲಿನಿಂದ ನೋಡಿದವರು. ಭಾರ ಹಾಯುವಾಗ ನೆಲದ ಮೇಲೆ ನಿಂತದ್ದು ಅವರಿಗೆ ನೆನಪಿಲ್ಲ. ಮೇಲಿನಿಂದ ಕಂಬ ಎಂದರೆ ಒಂದು ಚೌಕ, ತೊಲೆ ಎಂದರೆ ಒಂದು ಗೆರೆ, ನಡುವಿನ ಸಂದು ಅಂಗೈಯಷ್ಟು ಸ್ಪಷ್ಟ. ಕೆಳಗಿನಿಂದ ನೋಡಿದರೆ ಎಲ್ಲವೂ ಒಂದರ ಮೇಲೊಂದು. ತೊಲೆಯ ಬಾಲ ನೇರವಾಗಿ ಕಂಬಕ್ಕೆ ಬಡಿಯುತ್ತಿದೆ ಎಂದೇ ಅವರಿಗೆ ಕಂಡಿತು. ಬಡಿದರೆ ತೊಲೆ ತಿರುಗಿ ಫೋರ್ಮನ್ನನ ಮೇಲೆ ಬರುತ್ತದೆ. ಯೋಚಿಸುವ ಮೊದಲೇ ಅತ್ತೆಯ ಎರಡೂ ಕೈಗಳು ಚಾಚಿಕೊಂಡವು.

ಗುಬ್ಬಿ ನಿಲ್ಲಿಸಿದಳು. ತೊಲೆ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ತೂಗಿತು, ಅವಳು ಅದನ್ನು ಸುಮ್ಮನಾಗಿಸಿದಳು. ಪರೀಕ್ಷಕರು ಹೋಗಿ ನೋಡಿದರು. ಕಂಬಕ್ಕೂ ತೊಲೆಗೂ ನಡುವೆ ಒಬ್ಬ ಮನುಷ್ಯ ಆರಾಮಾಗಿ ಹಾದುಹೋಗುವಷ್ಟು ಜಾಗವಿತ್ತು. ನಿಲ್ಲಿಸು ಅಂದವರು ಯಾರು ಎಂದು ಅವರು ಕೇಳಿದರು. ಎಲ್ಲರೂ ಅತ್ತೆಯ ಕಡೆ ತಿರುಗಿದರು.

ಮ್ಯಾನೇಜರಿಗೆ ಮೈಕಿನ ಮುಂದೆ ಸಿಕ್ಕಿಬಿದ್ದದ್ದರಿಂದ ಪಾರಾಗಲು ದಾರಿ ಸಿಕ್ಕಿತು. ಕಲಿಸಿದವರಿಗೇ ನಂಬಿಕೆ ಇಲ್ಲದ ಮೇಲೆ ನಾವು ಹೇಗೆ ನಂಬೋಣ, ಹೆಂಗಸರಿಗೆ ಹೆಂಗಸರೇ ಅಡ್ಡ ಎಂದು ನಕ್ಕ. ಪರೀಕ್ಷೆ ಅರ್ಧಕ್ಕೆ ನಿಂತಿದೆ, ಆದ್ದರಿಂದ ಫೇಲು, ಮುಂದೆ ಯಾವಾಗಲಾದರೂ ನೋಡೋಣ ಎಂದ. ಆ ಯಾವಾಗಲಾದರೂ ಎಂದಿಗೂ ಬರುವುದಿಲ್ಲ ಎಂದು ಅಲ್ಲಿ ನಿಂತ ಎಲ್ಲರಿಗೂ ಗೊತ್ತಿತ್ತು. ಪರೀಕ್ಷಕರು ಅತ್ತೆಯ ಮುಖ ನೋಡಿದರು.

ಅತ್ತೆ ಸುಮ್ಮನಿದ್ದರೆ ಅವರಿಗೇನೂ ಆಗುತ್ತಿರಲಿಲ್ಲ. ಗುಬ್ಬಿ ಬಣ್ಣ ಬಳಿಯಲು ಹೋಗುತ್ತಿದ್ದಳು, ಅತ್ತೆ ಮರುದಿನ ಎಂದಿನಂತೆ ಏಣಿ ಹತ್ತುತ್ತಿದ್ದರು. ಒಂದು ಮಾತಿಗೆ ಏನಾಗಬಹುದು ಎಂದು ಅಷ್ಟು ವರ್ಷ ಆ ಜನರನ್ನು ನೋಡಿದವರಿಗೆ ತಿಳಿಯದೇ ಇರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅತ್ತೆ ಆಡಿದರು.

"ನಿಲ್ಸು ಅಂದ್ರೆ ನಿಲ್ಸಬೇಕು, ನಿಲ್ಸಿದಾಳೆ. ತೂಗಿದ್ದನ್ನ ಹಿಡಿದೂ ತೋರ್ಸಿದಾಳೆ. ಅವಳ ಕೈ ಎಲ್ಲೂ ತಪ್ಪಿಲ್ಲ ಸಾರ್, ತಪ್ಪಿದ್ದು ನನ್ನ ಕಣ್ಣು. ಫೇಲು ಮಾಡೋದಾದ್ರೆ ನನ್ನನ್ನ ಮಾಡಿ."

ಪರೀಕ್ಷಕರು ನ್ಯಾಯವಂತರು. ಹೌದು, ಸನ್ನೆಗೆ ನಿಲ್ಲಿಸುವುದೇ ಮೊದಲ ಪಾಠ ಎಂದು ಒಪ್ಪಿಕೊಂಡು, ಉಳಿದರ್ಧವನ್ನೂ ಮಾಡಿಸಿ ಗುಬ್ಬಿಯನ್ನು ಪಾಸು ಮಾಡಿ ಹೋದರು. ಬಾಗಿಲಲ್ಲಿ ನಿಂತ ಹೆಂಗಸರು ಕುಣಿದಾಡಿದರು. ಅತ್ತೆಯ ಆ ಮಾತಿನ ಉಳಿದರ್ಧವನ್ನು ಮ್ಯಾನೇಜರ್ ಜೋಪಾನವಾಗಿ ಇಟ್ಟುಕೊಂಡ. ಕಣ್ಣು ತಪ್ಪಿದೆ ಎಂದು ಅವರೇ ಎಲ್ಲರೆದುರು ಹೇಳಿದ್ದಾರೆ, ಸುರಕ್ಷತೆಯ ಪ್ರಶ್ನೆ, ಕಣ್ಣಿನ ತಪಾಸಣೆ ಆಗುವವರೆಗೆ ಹತ್ತುವುದು ಬೇಡ ಎಂದ. ತಪಾಸಣೆಗೆ ನಾನೇ ಜೊತೆಗೆ ಹೋಗಿದ್ದೆ. ಅತ್ತೆ ಕೊನೆಯ ಸಾಲಿನ ಇರುವೆ ಅಕ್ಷರಗಳನ್ನೂ ಓದಿದರು. ಕಣ್ಣಿನ ಡಾಕ್ಟರು ಇವರನ್ನು ಯಾಕೆ ಕರೆತಂದಿರಿ ಎಂದು ನನ್ನನ್ನೇ ಕೇಳಿದರು. ಅಷ್ಟರಲ್ಲಿ ಅತ್ತೆಯ ಪಾಳಿಯ ಕುರ್ಚಿಯಲ್ಲಿ ಗುಬ್ಬಿಯನ್ನು ಕೂರಿಸಿ ಆಗಿತ್ತು. ನಿವೃತ್ತನಾದವನ ಪಾಳಿಗೆ ಯಾರದೋ ಅಳಿಯ ಬಂದಿದ್ದ. ಮೂರು ಪಾಳಿಯಲ್ಲಿ ಹೆಂಗಸಿಗೆಂದು ಇದ್ದದ್ದು ಒಂದೇ ಎಂದು ನಮಗೆ ಆಗ ಗೊತ್ತಾಯಿತು. ಎರಡನೆಯವಳು ಬರಬೇಕಾದರೆ ಮೊದಲನೆಯವಳು ಏಳಬೇಕು. ಇದನ್ನು ಯಾವ ಭಾಷಣದಲ್ಲೂ ಹೇಳಿರಲಿಲ್ಲ.

ಅತ್ತೆಗೆ ಆಫೀಸಿನ ಬಾಗಿಲ ಬಳಿ ಒಂದು ಮೇಜು ಕೊಟ್ಟರು. ಬಂದ ಅತಿಥಿಗಳಿಗೆ ಹೆಲ್ಮೆಟ್ಟು ಹಾಕಿಸಿ ಶೆಡ್ಡು ತೋರಿಸಿಕೊಂಡು ಬರುವ ಕೆಲಸ. ಸಂಬಳ ಅಷ್ಟೇ, ಧೂಳಿಲ್ಲ, ಶೌಚಾಲಯ ಪಕ್ಕದಲ್ಲೇ. ಬೇಕಾದಷ್ಟು ನೀರು ಕುಡಿಯಬಹುದು. ನಾನು ಮನೆಯಲ್ಲಿ ಕೂಗಾಡಿದೆ. ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಆಗುತ್ತಿರಲಿಲ್ಲವೇ ಎಂದು ಬೈದೆ, ದೂರು ಕೊಡೋಣ ಎಂದೆ. ದೂರು ಕೊಟ್ಟರೆ ಮೊದಲು ಇಳಿಸುವುದು ಗುಬ್ಬಿಯನ್ನು ಎಂದು ಅತ್ತೆ ಹೇಳಿದರು. ನನಗೆ ಸಿಟ್ಟು ಮಾತ್ರ ಉಳಿಯಿತು.

ಉಗ್ರಾಣದ ಬೆಂಚಿಗೆ ಅವರು ಊಟಕ್ಕೆ ಹೋದರು. ಅಲ್ಲಿದ್ದವರೆಲ್ಲ ಹೊಸ ಹುಡುಗಿಯರು. ಎದ್ದು ನಿಂತು ಜಾಗ ಬಿಟ್ಟರು, ಮೇಡಂ ಎಂದರು, ಮಾತು ನಿಲ್ಲಿಸಿದರು. ಎರಡು ದಿನ ಹೋಗಿ ಮೂರನೆಯ ದಿನದಿಂದ ಅತ್ತೆ ಮೇಜಿನಲ್ಲೇ ಡಬ್ಬಿ ತೆರೆದರು. ಗುಬ್ಬಿ ಮೇಲೆ, ಇವರು ಕೆಳಗೆ. ಬಿಡುವಿನಲ್ಲಿ ಅವಳಿಗೆ ಇಳಿದು ಬರಲಾಗುವುದಿಲ್ಲ, ಇವರು ಹತ್ತಿ ಹೋಗುವಂತಿಲ್ಲ. ಅತಿಥಿಗಳನ್ನು ಕರೆದುಕೊಂಡು ಶೆಡ್ಡಿಗೆ ಹೋದಾಗ ತಲೆ ಎತ್ತಿ ನೋಡಿದರೆ ಗಾಜಿನಾಚೆ ಒಂದು ಮೊಣಕೈ ಕಾಣುತ್ತದೆ ಎಂದು ಒಮ್ಮೆ ಹೇಳಿದರು.

ಕಳೆದ ಭಾನುವಾರ ಸಂಜೆ ಗುಬ್ಬಿ ನಮ್ಮ ಮನೆಗೆ ಬಂದಳು. ಬಾಗಿಲಿಂದಲೇ ಮಾತು ಶುರುವಾಗುತ್ತದೆ ಎಂದು ನಾನು ಕಾದೆ, ಅವಳು ಏನೂ ಮಾತಾಡಲಿಲ್ಲ. ಒಳಗೆ ಬಂದು ಕಟ್ಟೆಯ ಮೇಲೆ ಅತ್ತೆಯ ಪಕ್ಕ ಕೂತಳು. ಅಮ್ಮ ಕೊಟ್ಟ ನೀರನ್ನು ಒಂದೇ ಗುಟುಕಿಗೆ ಕುಡಿದು ಇನ್ನೊಂದು ಲೋಟ ಕೇಳಿದಳು. ಅದನ್ನೂ ಮುಗಿಸಿ, ಕೆಲಸ ಬಿಡುತ್ತೇನೆ ಎಂದಳು. ಬಣ್ಣದವರು ತನ್ನ ಜೊತೆ ಮೊದಲಿನಂತಿಲ್ಲ, ಖಲಾಸಿಗಳು ಸನ್ನೆ ಮಾಡಿ ಆ ಕಡೆ ತಿರುಗುತ್ತಾರೆ, ಮೇಲೆ ಒಬ್ಬಳೇ ಕೂತು ತಾನು ತನ್ನ ಜೊತೆಗೇ ಮಾತಾಡಲು ಶುರುಮಾಡಿದ್ದೇನೆ, ಈಚೆಗೆ ಅದೂ ನಿಂತಿದೆ ಎಂದಳು. ನಾನು ಇಳಿದರೆ ನಿಮ್ಮನ್ನೇ ಮತ್ತೆ ಹತ್ತಿಸುತ್ತಾರೆ ಅಲ್ಲವೇ ಎಂದು ಕೇಳಿದಳು.

"ಹತ್ತಿಸಲ್ಲ" ಎಂದರು ಅತ್ತೆ. "ನೀನು ಇಳಿದ್ರೆ ಆ ಕುರ್ಚಿ ನನಗೂ ಇಲ್ಲ, ನಿನಗೂ ಇಲ್ಲ. ಹೆಂಗಸರ ಕೈಲಾಗಲ್ಲ ಅಂತ ಬಾಗಿಲು ಹಾಕ್ತಾರೆ. ಇಳೀಬೇಡ."

ಗುಬ್ಬಿ ಲೋಟವನ್ನು ಕೈಯಲ್ಲೇ ತಿರುಗಿಸುತ್ತ ಕೂತಿದ್ದಳು. ಆಮೇಲೆ ತೀರಾ ಸಣ್ಣ ದನಿಯಲ್ಲಿ ಕೇಳಿದಳು.

"ಅಭ್ಯಾಸ ಆಗುತ್ತಾ ಅಕ್ಕ?"

"ಆಗುತ್ತೆ" ಎಂದರು ಅತ್ತೆ. "ಒಂದು ವರ್ಷ ಕಷ್ಟ, ಆಮೇಲೆ ಗೊತ್ತೇ ಆಗಲ್ಲ."

ಅವಳ ಮುಖ ಸ್ವಲ್ಪ ತಿಳಿಯಾಯಿತು. ಹಾಗಾದರೆ ಒಂದು ವರ್ಷ ನೋಡುತ್ತೇನೆ ಎಂದಳು. ಚಪ್ಪಲಿ ಮೆಟ್ಟಿಕೊಂಡು, ರಸ್ತೆಯ ತಿರುವಿನವರೆಗೂ ಹಿಂತಿರುಗಿ ನೋಡುತ್ತ ಹೋದಳು. ಅತ್ತೆ ಕೈ ಬೀಸುತ್ತಲೇ ಇದ್ದರು. ನಾನು ಲೋಟಗಳನ್ನು ಎತ್ತಿಕೊಂಡು, ಇಷ್ಟು ವರ್ಷ ನಿಮಗೆ ಗೊತ್ತೇ ಆಗಲಿಲ್ಲವಾ ಅತ್ತೆ, ನಾನು ಸುಮ್ಮನೆ ನಿಮಗೋಸ್ಕರ ಮರುಗುತ್ತಿದ್ದೆ ಎಂದೆ.

ಅವರು ಖಾಲಿ ರಸ್ತೆಯನ್ನೇ ನೋಡುತ್ತಿದ್ದರು.

"ನನಗೆ ಒಂದಿನವೂ ಅಭ್ಯಾಸ ಆಗಿರಲಿಲ್ಲ ಕಣೇ" ಎಂದರು.